ನೂರ ಹನ್ನೆರಡರ ರಕ್ತ

ಶಿವರಾತ್ರಿಗೆ ಇನ್ನು ಹನ್ನೊಂದು ದಿನ ಇತ್ತು. ಚಳಿ ಶಿವಶಿವಾ ಅಂತ ಹೊರಡೋಕೆ ಗಂಟು ಕಟ್ಟುವ ಕಾಲ. ಬೆಳಿಗ್ಗೆ ಸ್ವೆಟರು ಬೇಕು, ಮಧ್ಯಾಹ್ನಕ್ಕೆ ಅದೇ ಸ್ವೆಟರು ಕಂಕುಳಲ್ಲಿ ಹೊರೆ. ಮಂಗಳವಾರ, ಎರಡು ಗಂಟೆ ಹತ್ತು ನಿಮಿಷ. ಮೊದಲ ಪಾಳಿಯವರು ಗೇಟು ದಾಟಿ, ಎರಡನೇ ಪಾಳಿಯವರು ಒಳಗೆ ಸೇರಿಕೊಂಡು, ಪೀಣ್ಯದ ಆ ಬ್ಯಾಟರಿ ಕಾರ್ಖಾನೆಯ ಅಂಗಳದಲ್ಲಿ ಹೊಂಗೆಯ ಒಣ ಎಲೆ ಬಿಟ್ಟರೆ ಇನ್ನೇನೂ ಓಡಾಡುತ್ತಿರಲಿಲ್ಲ. ಹಾಜರಿ ನೋಡಿಕೊಳ್ಳುವ ಟೈಮ್ ಆಫೀಸಿನ ಹನುಮಂತಯ್ಯ ಡಾಕ್ಟರ ಕೋಣೆಯ ಸ್ಟೂಲಿನ ಮೇಲೆ ಕೂತು, ಎರಡೂ ಕೈ ಮುಂದಕ್ಕೆ ಚಾಚಿ, ಬೆರಳು ಅಗಲಿಸಿ ಹಿಡಿದಿದ್ದ. ಹಾಗೆ ಹಿಡಿಯಿರಿ ಎಂದವರು ಡಾಕ್ಟರು ನೀಲಾಂಬಿಕಾ. ಮಂಗಳವಾರ ಶುಕ್ರವಾರ, ವಾರಕ್ಕೆ ಎರಡು ಸಲ ಕಾರ್ಖಾನೆಗೆ ಬರುವ ಹೆಣ್ಣುಮಗಳು, ಗದಗದ ಕಡೆಯವರು.

"ಕೈ ನಡುಗ್ತಾವೇನ್ರಿ?"

"ಇಲ್ಲ ಮೇಡಂ. ಈಗ ನೀವು ಕೇಳಿದ್ ಮೇಲೆ ನಡುಗ್ತಾ ಅವೆ."

ಅವರು ನಗಲಿಲ್ಲ. ಯಾವಾಗಲೂ ನಗುತ್ತಿದ್ದವರು. ನಗಲಿಲ್ಲವಲ್ಲ ಅನ್ನುವುದೇ ಹನುಮಂತಯ್ಯನನ್ನು ಮೊದಲು ಹೆದರಿಸಿದ್ದು.

"ನೋಡ್ರಿ, ನಿಮ್ಮ ರಕ್ತದಾಗ ಸೀಸ ಅರವತ್ತೆಂಟು ಅಂತ ಬಂದದ. ಸೀಸದ ಪ್ಲೇಟ್ ಮಾಡೋ ಶೆಡ್ಡಿನ್ಯಾಗ ಇಪ್ಪತ್ತು ವರ್ಷ ದುಡಿದವ್ರಿಗೂ ಇಷ್ಟಿಲ್ಲ. ನೀವು ಕೂಡೋದು ಟೈಮ್ ಆಫೀಸಿನ್ಯಾಗ. ಎಲ್ಲಿಂದ ಬಂತು?" ಎಂದು ಕಾಗದವನ್ನೂ ಅವನ ಮುಖವನ್ನೂ ಒಂದಾದ ಮೇಲೊಂದು ನೋಡಿದರು. ಹೊಟ್ಟೆ ಹಿಂಡುತ್ತದಾ, ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ ಬರುತ್ತದಾ, ಮಲ ಕಟ್ಟುತ್ತದಾ ಎಂದು ಕೇಳಿದರು. ಎಲ್ಲದಕ್ಕೂ ಇಲ್ಲ ಅಂದವನಿಗೆ, ಕೊನೆಯ ಇಲ್ಲ ಅನ್ನುವ ಹೊತ್ತಿಗೆ ಎಲ್ಲವೂ ಇದೆ ಅನ್ನಿಸತೊಡಗಿತು. ಕೆಳತುಟಿ ಎಳೆದು ಟಾರ್ಚು ಬಿಟ್ಟು ನೋಡಿದರು. ವಸಡಿನ ಅಂಚಿಗೆ ನೀಲಿ ಗೆರೆ ಮೂಡುತ್ತದಂತೆ, ಎಲೆಅಡಿಕೆ ಹಾಕುವ ಬಾಯಲ್ಲಿ ಅದು ತಿಳಿಯುವುದು ಕಷ್ಟವಂತೆ. ಮಾತ್ರೆ ಬರೆದರು. ಶೆಡ್ಡಿನ ಕಡೆ ಸುಳಿಯಬೇಡಿ, ದಿನಾ ಹಾಲು ಕುಡೀರಿ ಅಂದರು. ಶೆಡ್ಡಿನ ಪರ್ಮನೆಂಟ್ ಜನಕ್ಕೆ, ಧೂಳಿಗೆ ಒಳ್ಳೆಯದು ಅಂತ, ಸ್ಟೋರಿನಿಂದ ದಿನಾ ಒಂದು ಅಚ್ಚು ಬೆಲ್ಲ ಕೊಡುವ ಪದ್ಧತಿ ಹಿಂದಿನಿಂದಲೂ ಇತ್ತು. ಇವನಿಗೂ ಕೊಡಿ ಅಂತ ಒಂದು ಚೀಟಿ ಬರೆದರು. ಒಂದು ತಿಂಗಳು ಬಿಟ್ಟು ಇನ್ನೊಂದು ಸಲ ರಕ್ತ ಕೊಡಬೇಕು.

ಚೀಟಿ ಹಿಡಿದು ಹನುಮಂತಯ್ಯ ಅಂಗಳ ದಾಟಿದ. ಸ್ಟೋರಿನವನು ಬೆಲ್ಲ ತೂಗದೆ ಎತ್ತಿ ಕೊಟ್ಟು, "ಏನಣ್ಣೋ, ಕುರ್ಚೀಲಿ ಕೂತೋರಿಗೂ ಬೆಲ್ಲವಾ ಈಗ?" ಅಂದ. ಅದಕ್ಕೆ ನಗಬೇಕಿತ್ತು. ನಕ್ಕನೋ ಇಲ್ಲವೋ ನೆನಪಿಲ್ಲ. ಆ ಸಂಜೆ ಲಗ್ಗೆರೆಯ ಮನೆಯಲ್ಲಿ, ಬಚ್ಚಲ ಕಿಟಕಿಯ ಬೆಳಕಿಗೆ ಕನ್ನಡಿ ಹಿಡಿದು ತುಟಿ ಎಳೆದು ಎಳೆದು ನೋಡಿಕೊಳ್ಳುತ್ತಾ ನಿಂತ. ನೀಲಿ ಅಂದರೆ ಯಾವ ನೀಲಿ? ಆಕಾಶದ್ದೋ, ಬಟ್ಟೆಗೆ ಹಾಕುವುದೋ, ಏಟು ಬಿದ್ದ ಕಡೆ ಕಟ್ಟುವುದೋ? ಎಲೆಯ ಕರೆ, ಸುಣ್ಣದ ಬಿಳುಪು, ಅರವತ್ತು ವರ್ಷದ ಬಾಯಿ. ಅದರಲ್ಲಿ ಯಾವ ಬಣ್ಣವಿಲ್ಲ? ಹಿಂದಿನಿಂದ ಹೆಂಡತಿ ರಾಮಮ್ಮ, "ಏನ್ ಅಂಗ್ ನೋಡ್ಕೊತಾ ಇದ್ದೀರ, ನಾಳೆ ಯಾರಾದ್ರೂ ಹೆಣ್ಣ್ ನೋಡೋಕೆ ಕರ್ದವ್ರಾ?" ಅಂದಳು. "ಹಲ್ಲು ನೋವು" ಅಂದ. ಸುಳ್ಳು ಹೇಳಿದ್ದೂ ಒಂದು ರೋಗದ ಲಕ್ಷಣವೇ ಇರಬಹುದೇನೋ ಅಂತ ಅನುಮಾನ ಬಂತು. ಊಟ ಸೇರಲಿಲ್ಲ. ಅನ್ನದಲ್ಲಿ ಕಬ್ಬಿಣದ ರುಚಿ ಇದೆಯೋ ಅಂತ ನಾಲಿಗೆ ಮೇಲೆ ತುತ್ತು ಹೊರಳಿಸುತ್ತಾ ಕೂತ. ರಾಮಮ್ಮ ಬಸ್ಸಾರಿಗೆ ಉಪ್ಪು ಕಮ್ಮಿಯಾಯಿತಾ ಅಂತ ಮೂರು ಸಲ ಕೇಳಿ, ನಾಲ್ಕನೇ ಸಲ ಮುನಿಸಿಕೊಂಡಳು.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ಹನುಮಂತಯ್ಯ. ಲಗ್ಗೆರೆ ಇನ್ನೂ ರಾಗಿ ಬೆಳೆಯುವ ಊರಾಗಿದ್ದಾಗ ಈ ಕಾರ್ಖಾನೆಗೆ ಹಾಜರಿಯ ಬಿಲ್ಲೆ ಕೊಡುವವನಾಗಿ ಸೇರಿದ. ಆಗ ಗೋಡೆಗೆ ಒಂದು ಕರೀ ಹಲಗೆ, ಅದರ ತುಂಬ ಮೊಳೆ, ಮೊಳೆಗೊಂದು ಬಿಲ್ಲೆ. ಪರ್ಮನೆಂಟ್ ಆಳಿಗೆ ಹಿತ್ತಾಳೆಯದು: ನೂರ ಒಂದು, ನೂರ ಎರಡು. ಕಾಂಟ್ರಾಕ್ಟ್ ಆಳಿಗೆ ತಗಡಿನದು, ಅದರ ಮೇಲೆ ಅದೇ ಅಂಕಿ, ಮುಂದೊಂದು ಸೊನ್ನೆ: ಸೊನ್ನೆ ನೂರ ಒಂದು, ಸೊನ್ನೆ ನೂರ ಎರಡು. ಹಳೇ ಮ್ಯಾನೇಜರು ಮಾಡಿಟ್ಟ ಲೆಕ್ಕ ಅದು. ಸೊನ್ನೆ ಇದ್ದವನು ಯಾರ ಕಡೆಯವನು, ಇಲ್ಲದವನು ಯಾರ ಕಡೆಯವನು ಅಂತ ದೂರದಿಂದಲೇ ಗೊತ್ತಾಗಬೇಕು. ಬೆಳಿಗ್ಗೆ ಗೇಟು ತೆಗೆಯುವ ಮೊದಲು ಹನುಮಂತಯ್ಯ ಒಂದೊಂದು ಬಿಲ್ಲೆಯನ್ನೂ ಬೆರಳಲ್ಲಿ ಮುಟ್ಟಿ ನೋಡುತ್ತಿದ್ದ. ಕಣ್ಣು ಮೋಸ ಮಾಡಬಹುದು, ಬೆರಳು ಮಾಡುವುದಿಲ್ಲ ಅಂತ. ಹಲಗೆ ಹೋಯಿತು, ಕಾರ್ಡು ಬಂತು, ಕಾರ್ಡು ಹೋಗಿ ಹೆಬ್ಬೆಟ್ಟು ಒತ್ತುವ ಯಂತ್ರ ಬಂತು, ಪರ್ಮನೆಂಟ್ ಜನ ಕರಗಿ ಕರಗಿ ನಲವತ್ತಕ್ಕೆ ಇಳಿದರು, ಕಾಂಟ್ರಾಕ್ಟ್ ಜನ ಇನ್ನೂರು ದಾಟಿದರು. ಸೊನ್ನೆ ಮಾತ್ರ ಹಾಗೇ ಉಳಿಯಿತು. ಮುಟ್ಟಿ ನೋಡುವ ಚಪಲವೂ ಉಳಿಯಿತು.

ರಕ್ತದ ವರದಿ ಬಂದ ದಿನ ಕಂಪ್ಯೂಟರಿನಲ್ಲೂ ಆದದ್ದು ಅದೇ. ವರ್ಷವರ್ಷದ ಸೀಸದ ಪರೀಕ್ಷೆಗೆ ಈ ವರ್ಷ ಹೊಸದಾಗಿ ಕಾಂಟ್ರಾಕ್ಟ್ ಜನದ ರಕ್ತವನ್ನೂ ತೆಗೆಸಿದ್ದರು. ಲ್ಯಾಬಿನವರು ವರದಿಯನ್ನು ಒಂದು ಫೈಲು ಮಾಡಿ ಮೇಲ್ ಕಳಿಸುತ್ತಾರೆ. ಗುಟ್ಟಿರಬೇಕು ಅಂತ ಅದರಲ್ಲಿ ಹೆಸರಿಲ್ಲ. ಗೆರೆ ಎಳೆದ ಚೌಕದ ಮನೆಯಿಲ್ಲ, ಬಣ್ಣವಿಲ್ಲ. ನಂಬರು, ಕಾಮಾ ಅನ್ನುವ ಒಂದು ಅಲ್ಪವಿರಾಮದ ಕೊಕ್ಕೆ, ಸೀಸ ಎಷ್ಟು ಅನ್ನುವ ಅಂಕಿ, ಅಷ್ಟೆ. ಹಾಗೆ ಸಾಲು ಸಾಲು. ಎಚ್.ಆರ್. ಮ್ಯಾನೇಜರು ವಿಶ್ವನಾಥ್, ದಾವಣಗೆರೆಯವರು, ಮೆದುಮಾತಿನವರು, ಎದುರಿಗೆ ನಿಂತು ಹೇಳಿಕೊಟ್ಟಿದ್ದರು: "ಹನುಮಂತಯ್ಯನವರೇ, ಫೈಲ್ ತೆಗೀಬ್ಯಾಡ್ರಿ. ಬಂದದ್ದನ್ನ ಬಂದಹಂಗ ಸಾಫ್ಟ್‌ವೇರಿಗೆ ಹಾಕಿಬಿಡ್ರಿ. ಅದು ತನ್ನಷ್ಟಕ್ಕೆ ತಾನು ಹೊಂದಿಸಿಕೊಳ್ತದೆ." ಹೂಂ ಅಂದಿದ್ದ. ಆದರೆ ನೋಡದೆ ಹ್ಯಾಗೆ ಹಾಕುವುದು? ಇನ್ನೂರೈವತ್ತು ಜನದ ರಕ್ತ. ಎರಡು ಸಲ ಒತ್ತಿದ. ಫೈಲು ಎಕ್ಸೆಲ್ಲಿನಲ್ಲಿ ತೆರೆದುಕೊಂಡಿತು. ಎಲ್ಲ ಅಚ್ಚುಕಟ್ಟಾಗಿ ಮನೆಮನೆಯೊಳಗೆ ಕೂತಿತ್ತು. ಅಂಕಿಗಳು ಶಾಲೆಯ ಮಕ್ಕಳ ಹಾಗೆ ಬಲಗಡೆಗೆ ಸರಿದು ಸಾಲಾಗಿ ನಿಂತಿದ್ದವು. ಸಾಲು ಎಣಿಸಿ ನೋಡಿದ, ಸರಿ ಇತ್ತು. ಮುಚ್ಚಲು ಹೋದಾಗ ಒಂದು ಚೌಕ ಎದ್ದು ಏನೋ ಕೇಳಿತು, ಹೌದು ಅಂತ ಒತ್ತಿದ. ಇನ್ನೊಂದು ಚೌಕ ಎದ್ದಿತು, ಅದಕ್ಕೂ ಹೌದು. ಸಾಫ್ಟ್‌ವೇರಿಗೆ ಹಾಕಿದಾಗ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ, ಇನ್ನೂರು ಚಿಲ್ಲರೆ ಸಾಲು ಹೊಂದಲಿಲ್ಲ ಅಂತಲೋ ಏನೋ ಬಂತು. ಅದಕ್ಕೂ ಸರಿ ಅಂದ. ಕಾಂಟ್ರಾಕ್ಟ್ ಜನದ ವರದಿ ಬಾಕಿ ಅಂತ ತೋರಿಸಿತು. ಯಾರೂ ಕೇಳಲಿಲ್ಲ. ಕಾಂಟ್ರಾಕ್ಟಿನವರದ್ದು ಯೂನಿಫಾರಂ ಆಗಲಿ, ಕೈಗವಸು ಆಗಲಿ, ಯಾವತ್ತು ಹೊತ್ತಿಗೆ ಸರಿಯಾಗಿ ಬಂದಿತ್ತು?

ಬುಧವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ತನ್ನ ಅರವತ್ತೆಂಟನ್ನು ಇನ್ನೊಮ್ಮೆ ಕಣ್ಣಾರೆ ನೋಡಬೇಕು ಅಂತ ಆಸೆಯೋ ಹೆದರಿಕೆಯೋ ಹುಟ್ಟಿತು. ಗಾಯವನ್ನು ಕೆರೆದು ನೋಡುವ ಹಾಗೆ. ಲ್ಯಾಬಿನಿಂದ ಬಂದ ಹಳೇ ಮೇಲು ಹಾಗೇ ಇತ್ತು. ಈ ಸಲ ಒತ್ತಲಿಲ್ಲ; ಅದರ ಮೇಲೆ ಬಾಣ ಇಟ್ಟರೆ ಪಕ್ಕದಲ್ಲಿ ಫೈಲಿನ ಒಳಗು ಬರಿಯ ಅಕ್ಷರವಾಗಿ ಕಾಣುತ್ತಿತ್ತು. ಬೆರಳನ್ನು ಗಾಜಿನ ಮೇಲೆ ಇಟ್ಟು ಸಾಲು ಸಾಲು ಇಳಿದ. ನೂರ ಹನ್ನೆರಡು, ತನ್ನ ನಂಬರು. ಕಾಮಾ. ಹನ್ನೊಂದು.

ಹನ್ನೊಂದು. ಅರವತ್ತೆಂಟು ಅಲ್ಲ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ. ಹನ್ನೊಂದೇ. ಹಾಗಾದರೆ ಅರವತ್ತೆಂಟು ಎಲ್ಲಿ? ಬೆರಳು ಇಳಿಯುತ್ತಲೇ ಹೋಯಿತು, ಪರ್ಮನೆಂಟ್ ನಲವತ್ತು ಮುಗಿದು ಸೊನ್ನೆಯವರ ಸಾಲು ಶುರುವಾಯಿತು, ಹನ್ನೆರಡನೆಯದಕ್ಕೆ ಬೆರಳು ನಿಂತಿತು. ಸೊನ್ನೆ ನೂರ ಹನ್ನೆರಡು, ಕಾಮಾ, ಅರವತ್ತೆಂಟು. ಎಕ್ಸೆಲ್ಲು ಅಂಕಿಯ ಮುಂದಿನ ಸೊನ್ನೆಯನ್ನು ಬೆಲೆಯಿಲ್ಲದ್ದು ಅಂತ ಉದುರಿಸಿತ್ತು. ತಾನು ಹೌದು ಅಂದು ಅದನ್ನು ಉದುರಿಸಿದ ಹಾಗೇ ಮುಚ್ಚಿಟ್ಟಿದ್ದ. ನೂರ ಹನ್ನೆರಡು ಅನ್ನುವವು ಎರಡಾಗಿದ್ದವು, ಎರಡನೆಯದು ಮೊದಲನೆಯದರ ಮೇಲೆ ಕೂತಿತ್ತು. ಹೀಗೆ ಜೋಡಿಯಾದ ನಂಬರು ಇನ್ನೆಷ್ಟು ಅಂತ ಹುಡುಕಿದ. ಒಟ್ಟು ಒಂಬತ್ತು. ಎಂಟರಲ್ಲಿ ಎರಡೂ ಕಡೆ ಚಿಕ್ಕ ಅಂಕಿಗಳೇ, ಅದಲುಬದಲಾದರೂ ಯಾರಿಗೂ ಏನೂ ಇಲ್ಲ. ಜೋಡಿಯಿಲ್ಲದ ಸೊನ್ನೆಯವರಲ್ಲೂ ಯಾರಿಗೂ ಮೂವತ್ತು ದಾಟಿರಲಿಲ್ಲ. ಒಂದೇ ಒಂದು ಅರವತ್ತೆಂಟು ಇಡೀ ಕಾರ್ಖಾನೆಗೆ.

"ಬದುಕಿದೆ" ಎಂದ. ಬಾಯಿಬಿಟ್ಟು ಜೋರಾಗಿಯೇ ಎಂದಿರಬೇಕು. ಟೈಮ್ ಆಫೀಸಿನ ಹೊಸ್ತಿಲಾಚೆ, ಮೆಟ್ಟಿಲು ಗುಡಿಸುತ್ತಿದ್ದ ಹೆಂಗಸು ಪೊರಕೆ ನಿಲ್ಲಿಸಿ ಒಳಗೆ ಇಣುಕಿದಳು.

"ಯಾರಣ್ಣ ಬದುಕಿದ್ದು?"

ಅವಳೇ. ಧನಲಕ್ಷ್ಮಿ. ಸೊನ್ನೆ ನೂರ ಹನ್ನೆರಡು.

"ಯಾರೂ ಇಲ್ಲ ಕಣವ್ವ. ಕಂಪ್ಯೂಟ್ರು ನಿಂತೋಗಿತ್ತು" ಅಂದ. ಅವಳು ನಕ್ಕಳು. ನಕ್ಕಾಗ ಕೆಳವಸಡು ಕಂಡಿತು. ಹಲ್ಲಿನ ಬುಡಕ್ಕೆ ಕಾಡಿಗೆಯಲ್ಲಿ ಎಳೆದ ಹಾಗೆ ಒಂದು ಸಣ್ಣ ಗೆರೆ. ಅವಳು ಎಲೆಅಡಿಕೆ ಹಾಕುವವಳಲ್ಲ. ಮಾಗಡಿ ಕಡೆಯವಳು, ಮೂವತ್ತೆರಡೋ ಮೂವತ್ತಮೂರೋ ವಯಸ್ಸು, ಲಗ್ಗೆರೆಯಲ್ಲಿ ಇವನ ಮನೆಯಿಂದ ಎರಡು ಬೀದಿ ಆಚೆ ಬಾಡಿಗೆಗಿದ್ದಳು, ಗಂಡ ಗೂಡ್ಸ್ ಆಟೋ ಓಡಿಸುತ್ತಿದ್ದ, ಎರಡು ಹೆಣ್ಣುಮಕ್ಕಳು. ಕಾಗದದ ಮೇಲೆ ಅವಳ ಕೆಲಸ ಆಫೀಸು ಮತ್ತು ಕ್ಯಾಂಟೀನು ಗುಡಿಸುವುದು. ಪ್ಲೇಟು ಶೆಡ್ಡು ಗುಡಿಸುವವನು ಬಿಟ್ಟುಹೋಗಿ ಆರು ತಿಂಗಳಾಗಿತ್ತು. ಊಟದ ಮೇಲೆ ಪಾಳಿ ಬಿಡೋವರೆಗೆ ಅದನ್ನೂ ಸ್ವಲ್ಪ ನೋಡ್ಕೋ ಅಂತ ಕಾಂಟ್ರಾಕ್ಟರ ಮೇಸ್ತ್ರಿ ಸಿದ್ದರಾಜು ಹೇಳಿದ್ದು, ಇವಳು ಸೆರಗು ಮೂಗಿಗೆ ಕಟ್ಟಿಕೊಂಡು ಒಣಪೊರಕೆಯಲ್ಲಿ ಆ ಬೂದುಬಣ್ಣದ ಧೂಳು ಎಬ್ಬಿಸುತ್ತಿದ್ದದ್ದು ಹನುಮಂತಯ್ಯನಿಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೆ ಇಷ್ಟು ದಿನ ಅರ್ಥವಿರಲಿಲ್ಲ. ಅವಳು ಆಗಾಗ ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂರುತ್ತಿದ್ದಳು. "ಕ್ಯಾಂಟೀನ್ ಸಾಂಬಾರಣ್ಣ, ಕರುಳು ಹಿಂಡ್ತದೆ" ಅನ್ನುತ್ತಿದ್ದಳು. ಸೋಂಪು ತಿನ್ನು ಅಂತ ಇವನೇ ಹೇಳಿದ್ದ.

ತನ್ನ ಎದೆಯಿಂದ ಇಳಿದ ಕಲ್ಲು ಯಾರ ಎದೆ ಮೇಲೆ ಬಿತ್ತು ಅನ್ನುವುದು ಕಣ್ಣ ಮುಂದೆಯೇ ಪೊರಕೆ ಹಿಡಿದು ನಿಂತಿತ್ತು. ಆದರೂ ಆ ಗಳಿಗೆಯಲ್ಲಿ ಅವನಿಗೆ ಕಾಫಿ ಕುಡಿಯಬೇಕು ಅನ್ನಿಸಿತು. ನಿನ್ನೆಯಿಂದ ಊಟ ಸೇರದಿದ್ದ ಹೊಟ್ಟೆ ಹಸಿವು ಅಂದಿತು. ಕ್ಯಾಂಟೀನಿಗೆ ಹೋಗಿ ಎರಡು ವಡೆ ತಿಂದ. ಎರಡನೆಯ ವಡೆ ಮುಗಿಯುವ ಹೊತ್ತಿಗೆ ನಾಚಿಕೆ ಬಂತು, ನಾಚಿಕೆಯ ಹಿಂದೆಯೇ ಹೆದರಿಕೆ. ನಿನ್ನೆಯ ಹೆದರಿಕೆಗೆ ಒಂದು ಜಾಗ ಇತ್ತು, ವಸಡು, ಹೊಟ್ಟೆ, ಬೆರಳು. ಇವತ್ತಿನದಕ್ಕೆ ಜಾಗವೇ ಇರಲಿಲ್ಲ. ಹೇಳಿದರೆ ವಿಶ್ವನಾಥ್ ಸಾರು ಆ ಮೆದುದನಿಯಲ್ಲಿ, ತೆಗೀಬ್ಯಾಡ್ರಿ ಅಂದಿರಲಿಲ್ಲವಾ ಅನ್ನುತ್ತಾರೆ. ಅರವತ್ತು ತುಂಬಿದ ಮೇಲೂ ವರ್ಷಕ್ಕೊಮ್ಮೆ ಅವರೇ ಸಹಿ ಹಾಕಿ ಇವನನ್ನು ಇಟ್ಟುಕೊಂಡಿರುವುದು. ಕಂಪ್ಯೂಟರು ಬಂದ ಹೊಸದರಲ್ಲಿ ಗಾಜನ್ನು ಬೆರಳಲ್ಲಿ ಮುಟ್ಟಿದನೆಂದು ಆಫೀಸಿನ ಹುಡುಗಿಯರು, "ತಾತ ಅದಕ್ಕೆ ಕುಂಕುಮ ಇಡ್ತಾರೆ ನೋಡ್ರೇ" ಅಂತ ನಕ್ಕಿದ್ದು ಇನ್ನೂ ಕಿವಿಯಲ್ಲಿತ್ತು.

ಗುರುವಾರ ಅವಳು ಡಬ್ಬಿ ಬಿಚ್ಚಿಕೊಂಡು ಮೆಟ್ಟಿಲ ಮೇಲೆ ಕೂತಾಗ, ಹನುಮಂತಯ್ಯ ಎರಡು ದಿನದ ಬೆಲ್ಲವನ್ನು ಕಾಗದದಲ್ಲಿ ಸುತ್ತಿ ಅವಳ ಮುಂದೆ ಇಟ್ಟ.

"ಏನಣ್ಣ ಇದು, ನಂಗೇನ್ ಬಾಣಂತನವಾ?"

"ತಿನ್ನು. ಧನ, ಒಂದ್ ವಿಸ್ಯ ಹೇಳ್ತೀನಿ, ಕೂಗಾಡ್ಬೇಡ" ಎಂದು, ಬಾಗಿಲ ಕಡೆ ನೋಡುತ್ತಾ, ಸೊನ್ನೆ ಬಿದ್ದದ್ದನ್ನು ಹೇಳಿದ. ಹೌದು ಅಂತ ಒತ್ತಿದ್ದು ಯಾರು ಅನ್ನುವುದನ್ನು ಹೇಳಲಿಲ್ಲ. ಕಂಪ್ಯೂಟ್ರು ಮಾಡ್ಬಿಡ್ತು ಅಂದ. ಸೀಸ ಅಂದರೆ ಏನು ಮಾಡುತ್ತದೆ, ಗೆರೆ ಎಲ್ಲಿ ಮೂಡುತ್ತದೆ, ಅರವತ್ತೆಂಟು ಅಂದರೆ ಎಷ್ಟು ಅಂತ ಡಾಕ್ಟರು ತನಗೆ ಹೇಳಿದ್ದನ್ನೆಲ್ಲ ಅವಳಿಗೆ ಒಪ್ಪಿಸಿದ. ಮುದ್ದೆ ಮುರಿಯುತ್ತಿದ್ದ ಅವಳ ಕೈ ಹಾಗೇ ಡಬ್ಬಿಯಲ್ಲಿತ್ತು.

"ಸಿದ್ದರಾಜುಗೆ ಗೊತ್ತಾ?"

"ಇಲ್ಲ."

"ಇಸ್ವನಾಥ್ ಸಾರ್‌ಗೆ?"

"ಯಾರಿಗೂ ಇಲ್ಲ. ನಂಗೇ ನಿನ್ನೆ ಗೊತ್ತಾಗಿದ್ದು."

"ಅಂಗಾದ್ರೆ ಬಿಡಿ. ನಿಮ್ ಹೆಸ್ರಲ್ಲೇ ಇರ್ಲಿ."

"ಏನಂತೀಯೇ ನೀನು?"

"ಅಲ್ವಾ ಮತ್ತೆ. ನಿಮ್ಗೆ ಅಂತಾದ್ರೆ ಬೆಲ್ಲ ಕೊಡ್ತಾರೆ, ಮಾತ್ರೆ ಕೊಡ್ತಾರೆ, ನೆಳ್ಳಲ್ಲಿ ಕೂರುಸ್ತಾರೆ. ನಂಗೆ ಅಂತಾದ್ರೆ ಗೇಟ್ ತೋರುಸ್ತಾರೆ. ಬೆಲ್ಲ ಇಬ್ರೂ ತಿನ್ನಾಣ ಬಿಡಣ್ಣ." ನಗುವುದಕ್ಕೆ ಹೊರಟವಳು ನಡುವೆ ನಿಲ್ಲಿಸಿ, ಬಲಗೈಯಿಂದ ಅವನ ಕಾಲ ಬೆರಳು ಮುಟ್ಟಿದಳು, ಮುದ್ದೆಯ ಕೈ, ರಾಗಿ ಅಂಟಿಕೊಂಡಿತು. "ದೊಡ್ಡವ್ಳು ಎಸ್ಸೆಲ್ಸಿ ಅಣ್ಣ. ಇನ್ನೊಂದ್ ತಿಂಗ್ಳು. ದಮ್ಮಯ್ಯ, ಬಾಯ್ ಬಿಡ್ಬೇಡಿ."

ಆಗಲಿ ಅಂದ. ಅಂದ ಮೇಲೆ ತಿಳಿಯಿತು, ಅವಳು ಕೇಳಿದಳು ಅಂತ ಅಂದದ್ದಲ್ಲ. ಅವಳು ಕೇಳದಿದ್ದರೂ ಒಂದು ನೆಪ ಹುಡುಕುತ್ತಿದ್ದ. ಅವಳ ಹೆದರಿಕೆಯ ಮರೆಯಲ್ಲಿ ತನ್ನ ಹೆದರಿಕೆ ಬಚ್ಚಿಟ್ಟುಕೊಳ್ಳಲು ಜಾಗ ಸಿಕ್ಕಿತ್ತು. ಕಾಲ ಬೆರಳಿನ ರಾಗಿ ಒಣಗಿ ಉದುರಿದರೂ ಅಲ್ಲೇ ಇದ್ದ ಹಾಗೆ ಸಂಜೆಯವರೆಗೂ ಅನ್ನಿಸುತ್ತಲೇ ಇತ್ತು.

ಶುಕ್ರವಾರ ಡಾಕ್ಟರ ಬಾಗಿಲವರೆಗೂ ಹೋಗಿ, ಒಳಗೆ ಬೇರೆ ಯಾರೋ ಇದ್ದಾರೆ ಅಂತ ವಾಪಸು ಬಂದ. ಒಳಗೆ ಯಾರೂ ಇರಲಿಲ್ಲ. ಕಾಂಪೌಂಡರು ಕೊಟ್ಟ ತನ್ನ ಹೆಸರಿನ ಮಾತ್ರೆಯ ಪೊಟ್ಟಣವನ್ನು ಧನಲಕ್ಷ್ಮಿಯ ಡಬ್ಬಿಯ ಚೀಲಕ್ಕೆ ಹಾಕಿದ. ಶನಿವಾರ ಅವಳು ಶೆಡ್ಡಿಗೆ ಹೋಗುವಾಗ, "ಇವತ್ತು ಬೇಡ, ಹೊಟ್ಟೆನೋವು ಅನ್ನು" ಅಂದರೆ, "ದಿನಾ ಹೊಟ್ಟೆನೋವು ಅಂದ್ರೆ ಅವನಿಗೇ ಅನುಮಾನ ಬತ್ತದೆ" ಅಂದಳು. ಒಣಪೊರಕೆಯ ಬದಲು ನೀರು ಚಿಮುಕಿಸಿ ಗುಡಿಸು ಅಂದರೆ, "ಪ್ಲೇಟಿಗೆ ನೀರ್ ಹಾರ್ತದೆ ಅಂತ ಬಯ್ತಾರಣ್ಣ" ಅಂದಳು. ಎಲ್ಲಕ್ಕೂ ಅವಳ ಹತ್ತಿರ ಉತ್ತರ ಇತ್ತು. ಒಂದು ಸಾಯುವ ದಾರಿಯನ್ನು ಇಷ್ಟು ಜಾಣತನದಿಂದ ಕಾಯಬಹುದಾ ಅಂತ ಅವನಿಗೆ ದಿಗಿಲು.

ಭಾನುವಾರ ರಾಮಮ್ಮ ಅವರೆಕಾಳು ಹಿತುಕುತ್ತಾ ಕೂತಿದ್ದಳು. ಅವಳ ಮಣಿಕಟ್ಟು ಏಳುವುದು ಬೀಳುವುದು ನೋಡುತ್ತಾ ನೋಡುತ್ತಾ ಹನುಮಂತಯ್ಯನಿಗೆ ಚನ್ನವೀರಪ್ಪ ಬಂದ. ಬಂದ ಅಂದರೆ ನೆನಪಿಗಲ್ಲ, ಬಂದು ಕರೀ ಹಲಗೆಯ ಮುಂದೆ ನಿಂತುಕೊಂಡ. ಬಿಲ್ಲೆಯ ಕಾಲದಲ್ಲಿ ಕುಲುಮೆಯ ಮುಂದೆ ಸೀಸ ಕರಗಿಸುತ್ತಿದ್ದ ಚನ್ನವೀರಪ್ಪ, ತಿಪಟೂರಿನವನು, ಹಬ್ಬಕ್ಕೆ ಕೊಬ್ಬರಿ ತಂದುಕೊಡುತ್ತಿದ್ದವನು. ಒಂದು ಮಾಗಿಯಲ್ಲಿ ಅವನ ಮಣಿಕಟ್ಟು ಜೋತುಬಿತ್ತು. ತೋಳು ಏಳುತ್ತದೆ, ಕೈ ಏಳುವುದಿಲ್ಲ. ಬಿಲ್ಲೆಯನ್ನು ಮೊಳೆಗೆ ಹಾಕಲು ಬಾರದೆ ಅವನು ಹಲಗೆಯ ಮುಂದೆ ಬೆವರುತ್ತಿದ್ದ. ಹಿಂದೆ ಜನ, ಸೈರನ್ನು ಆಗುವ ಹೊತ್ತು. ಹನುಮಂತಯ್ಯ ಒಂದು ಮಾತೂ ಆಡದೆ ಅವನ ಬೆರಳಿಂದ ಬಿಲ್ಲೆ ತಗೊಂಡು ಮೊಳೆಗೆ ಹಾಕಿದ. ಮರುದಿನವೂ ಹಾಕಿದ. ಕಂಡರೆ ಮನೆಗೆ ಕಳಿಸುತ್ತಾರೆ ಕಣೋ ಹನುಮಂತ ಅಂದಿದ್ದ ಅವನು. ನಾಲ್ಕು ತಿಂಗಳು ದಿನಕ್ಕೆ ಎರಡು ಸಲ ಹಾಕಿದ. ಎಷ್ಟು ಒಳ್ಳೆಯವನು ತಾನು ಅಂತ ಆಗ ಒಳಗೊಳಗೇ ಒಂದು ಹೆಮ್ಮೆ ಇತ್ತು, ಸುಳ್ಳಲ್ಲ. ಐದನೇ ತಿಂಗಳು ಚನ್ನವೀರಪ್ಪ ಕುಲುಮೆಯ ಮುಂದೆ ಫಿಟ್ಸಿನ ಎಳೆತ ಬಂದು ಬಿದ್ದ. ಆಮೇಲೆ ಎರಡು ವರ್ಷ ಇದ್ದ, ಇವನ ಹೆಸರೂ ಗೊತ್ತಾಗುತ್ತಿರಲಿಲ್ಲ ಅವನಿಗೆ. ನೋಡಲು ಹೋದಾಗ ಅವನ ಹೆಂಡತಿ, ನೀವು ಬಾಳ ಸಹಾಯ ಮಾಡಿದ್ರಂತೆ ಅಂತ ಕೊಬ್ಬರಿ ಕಟ್ಟಿಕೊಟ್ಟಳು. ಆ ಕೊಬ್ಬರಿಯನ್ನು ಮನೆಗೆ ತರಲಾಗದೆ ಬಸ್ಸಿನ ಸೀಟಿನ ಕೆಳಗೆ ಬಿಟ್ಟು ಇಳಿದಿದ್ದ.

"ಕಾಳು ಎಣಿಸ್ತಾ ಇದ್ದೀರಾ?" ಅಂದಳು ರಾಮಮ್ಮ. ಅವನು ಅವಳ ಮಣಿಕಟ್ಟು ಹಿಡಿದುಕೊಂಡಿದ್ದ. "ಬಿಡಿ, ಯಾರಾದ್ರೂ ನೋಡ್ದೋರ್ ನಗ್ತಾರೆ."

ಸೋಮವಾರ ಹನ್ನೊಂದರ ಟೀ ಹೊತ್ತಿನಲ್ಲಿ ಧನಲಕ್ಷ್ಮಿಯ ಕೈಯಿಂದ ಲೋಟ ಜಾರಿತು. ಟೀ ಚೆಲ್ಲಿ ಸೀರೆಯೆಲ್ಲ ಆಯಿತು. "ಜೋಮು" ಅಂದಳು. ಕ್ಯಾಂಟೀನಿನವರು ನಕ್ಕರು. ಅವಳು ಬಗ್ಗಿ ಲೋಟ ಎತ್ತಿಕೊಳ್ಳಲು ಹೋದಳು, ಬೆರಳು ಲೋಟದ ಸುತ್ತ ಮಡಿಚಿತು, ಲೋಟ ಮೇಲೆ ಬರಲಿಲ್ಲ. ಎಡಗೈಯಲ್ಲಿ ಎತ್ತಿಕೊಂಡು, ಯಾರಾದರೂ ನೋಡಿದರಾ ಅಂತ ಸುತ್ತ ನೋಡಿದಳು. ನೋಡಿದ್ದವನು ಹನುಮಂತಯ್ಯ ಒಬ್ಬನೇ. ನೋಡಲಿಲ್ಲ ಅನ್ನುವ ಹಾಗೆ ಮುಖ ತಿರುಗಿಸು ಅಂತ ಅವಳ ಕಣ್ಣು ಅವನಿಗೆ ಹೇಳಿತು. ತಿರುಗಿಸಿದ. ತಿರುಗಿಸಿದ ಕುತ್ತಿಗೆ ಆ ದಿನವೆಲ್ಲ ನೆಟ್ಟಗಾಗಲಿಲ್ಲ.

ಮಂಗಳವಾರ ಡಾಕ್ಟರ ಕೋಣೆಯಲ್ಲಿ ಅವನು ಸ್ಟೂಲಿನ ಮೇಲೆ ಕೂರಲಿಲ್ಲ. ನಿಂತೇ, "ಮೇಡಂ, ಆ ರಕ್ತ ನಂದಲ್ಲ" ಅಂದ.

ಮುಂದಿನದೆಲ್ಲ ಬಲುಬೇಗ ಆಯಿತು. ಡಾಕ್ಟರು ಅವಳನ್ನು ಕರೆಸಿದರು, ತುಟಿ ಎಳೆದು ನೋಡಿದರು, ಕೈ ಚಾಚಿಸಿದರು. ಬಲಗೈ ಇಳಿಯಿತು. ಡಾಕ್ಟರು ಒಂದು ಗಳಿಗೆ ಆ ಕೈಯನ್ನು ತಮ್ಮ ಅಂಗೈಯಲ್ಲಿ ಹಿಡಿದುಕೊಂಡೇ ಇದ್ದರು. "ಇವತ್ತಿಂದ ಶೆಡ್ಡಿನೊಳಗ ಕಾಲ್ ಇಡಬಾರದು ನೀನು. ಧೂಳಿರೋ ಕಡೆ ಎಲ್ಲೂ ಇಡಬಾರದು, ತಿಳೀತೇನು?" ಎಂದು ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಧನಲಕ್ಷ್ಮಿ ಚೀಟಿ ತಗೊಂಡು, ಹನುಮಂತಯ್ಯನನ್ನು ಗೋಡೆಯನ್ನು ನೋಡುವ ಹಾಗೆ ನೋಡಿ ಹೊರಗೆ ಹೋದಳು. ಬಯ್ದಿದ್ದರೆ ಆಗುತ್ತಿತ್ತು.

ವಿಶ್ವನಾಥ್ ಬಾಗಿಲು ಮುಚ್ಚಿಕೊಂಡು ಕೂರಿಸಿ ಮಾತಾಡಿದರು. ಅವರ ಮುಖವೂ ಬಿಳಿಚಿಕೊಂಡಿತ್ತು. ಶೆಡ್ಡಿಗೆ ಅವಳನ್ನು ಯಾರು ಕಳಿಸಿದರು ಅಂತ ಸರ್ಕಾರದ ಫ್ಯಾಕ್ಟರಿ ಇನ್‌ಸ್ಪೆಕ್ಟರು ಕೇಳಿದರೆ ಉತ್ತರ ಕೊಡಬೇಕಾದವರು ಅವರು.

"ಫೈಲ್ ತೆಗೀಬ್ಯಾಡ್ರಿ ಅಂದಿದ್ನಲ್ರೀ."

"ನೋಡ್ದೆ ಎಂಗ್ ಆಕೋದು ಅನ್ನುಸ್ತು ಸಾರ್."

"ಸರಿ, ನೋಡಿದ್ರಿ. ಮುಚ್ಚೋವಾಗ ಸೇವ್ ಯಾಕೆ ಕೊಟ್ರಿ?"

"ಅದೇ ಕೇಳ್ತು ಸಾರ್."

"ಅದು ಎಲ್ಲಾರ್‍ನೂ ಕೇಳ್ತದ್ರೀ!" ದನಿ ಮೊದಲ ಸಲ ಏರಿತು, ತಾವೇ ಅದಕ್ಕೆ ಬೆಚ್ಚಿ ಇಳಿಸಿಕೊಂಡರು. "ಕೇಳಿದ್ದಕ್ಕೆಲ್ಲ ಹೌದು ಅಂತಾರೇನ್ರೀ ಮನುಷ್ಯರು?"

ಹನುಮಂತಯ್ಯ ನಲವತ್ತು ವರ್ಷ ಈ ಗೋಡೆಗಳ ನಡುವೆ ಕೇಳಿದ್ದಕ್ಕೆಲ್ಲ ಹೌದು ಅಂದೇ ಬದುಕಿದ್ದು. ವಿಶ್ವನಾಥ್ ಅವನ ಎದುರಿಗೇ ಲ್ಯಾಬಿನ ಫೈಲನ್ನು ತೆರೆಯದೆ ಹಾಗೇ ಸಾಫ್ಟ್‌ವೇರಿಗೆ ಹಾಕಿದರು. ಒಂದು ನಿಮಿಷವೂ ಹಿಡಿಯಲಿಲ್ಲ. ಇನ್ನೂರು ಚಿಲ್ಲರೆ ಸಾಲು ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು. ಆಮೇಲೆ ಪಾಸ್‌ವರ್ಡು ಬದಲಾಯಿಸಿ, "ನಾಳೆಯಿಂದ ನೀವು ಗೇಟಿನ ರಿಜಿಸ್ಟರ್ ನೋಡ್ಕೊಳ್ರಿ. ಬಿಸಿಲಿಗೆ ಒಂದು ಛತ್ರಿ ಹಾಕಿಸ್ತೀನಿ" ಅಂದರು. ಕೆಲಸ ಹೋಗಲಿಲ್ಲ. ಹೋಗಲಿಲ್ಲ ಅನ್ನುವುದು ತಿಳಿದಾಗ ಅವನ ಎದೆ ಹಗುರಾಯಿತು, ಮೊನ್ನೆ ಬದುಕಿದೆ ಅಂದ ಹಾಗೆಯೇ ಹಗುರಾಯಿತು, ಆ ಹಗುರವನ್ನು ಗುರುತಿಸಿ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಬುಧವಾರ ಗೇಟಿನಲ್ಲಿ ಸಿದ್ದರಾಜು ಬೈಕು ನಿಲ್ಲಿಸಿ, ಹೆಲ್ಮೆಟ್ಟು ತೆಗೆಯದೆ, "ಏನ್ ಸಾಮಿ, ರಿಟೈರಾಗೋ ಹೊತ್ನಲ್ಲಿ ಪುಣ್ಯ ಕಟ್ಕೊಳ್ಳೋಕ್ ಹೊಂಟ್ರಾ? ಒಂದ್ ಮಾತು ನನ್ ಕಿವೀಗ್ ಹಾಕಿದ್ರೆ ಕಸ ಗುಡ್ಸೋ ಜಾಗ ಬದ್ಲಾಯ್ಸ್ತಿದ್ದೆ. ಈಗ ನೋಡಿ, ಡಾಕ್ಟ್ರು ಬರ್ದು ಪೇಪರ್ ಮೇಲೆ ಬಂದ್ಬಿಟ್ಲು. ಪೇಪರ್ ಮೇಲೆ ಬಂದೋರ್‍ನ ನಾನ್ ಇಟ್ಕೊಳ್ಳೋಕಾಗುತ್ತಾ ಗುರುಗಳೇ?" ಅಂದ. ಕೋಪವಿರಲಿಲ್ಲ ಅವನಲ್ಲಿ. ಬೇಸರವಿತ್ತು. "ಹೆದರ್ಕೋಬೇಡಿ, ಬೀದೀಗ್ ಬಿಡಲ್ಲ ನಾನು. ನಮ್ ಹೆಣ್ಮಗಳಲ್ವಾ. ಬೇರೆ ಕಡೆ ಮಾತಾಡಿದೀನಿ."

ಮರುದಿನ ಎರಡು ಗಂಟೆಗೆ ಮೊದಲ ಪಾಳಿ ಬಿಟ್ಟಿತು. ಗುಂಪು ಹೋಗಲಿ ಅಂತ ಕಾದಿದ್ದು ಧನಲಕ್ಷ್ಮಿ ಕೊನೆಗೆ ಬಂದಳು. ಯೂನಿಫಾರಂ ಕೋಟು ಒಗೆದು ಮಡಿಚಿ ತಂದಿದ್ದಳು. ಅದನ್ನು ಎಡಗೈಯಲ್ಲಿ ಮೇಜಿನ ಮೇಲಿಟ್ಟಳು. ಹನುಮಂತಯ್ಯ ಎದ್ದು ನಿಂತ, ಯಾಕೆ ಎದ್ದನೋ.

"ಬೈಕೋಬೇಡ ಕಣವ್ವ."

"ನಾನ್ಯಾಕ್ ಬೈಕೊಳ್ಳಲಿ. ನಿಮ್ ಬುದ್ದಿ ನಿಮ್ಗೆ." ಮೇಜಿನ ಮೇಲಿನ ಕೋಟಿನ ಮಡಿಕೆ ಸರಿಮಾಡಿದಳು. ಮುಖ ಸಡಿಲವಾಯಿತು. "ಹೋಗ್ಲಿ ಬಿಡಣ್ಣ. ಕೆಲ್ಸ ಸಿಕ್ತು."

"ಎಲ್ಲಿ?"

"ನಮ್ ಲಗ್ಗೆರೇಲೇ. ರಿಂಗ್ ರೋಡ್ ಪಕ್ಕ ಒಳಗಡೆ, ತಗಡಿನ ಶೆಡ್ಡು ಐತಲ್ಲ. ಹಳೇ ಬ್ಯಾಟ್ರಿ ಒಡ್ದು ಕರಗ್ಸೋದು. ಬಸ್ಸೂ ಬೇಡ, ನಡ್ಕೊಂಡೇ ಹೋಗ್ಬೋದು. ನಾಳೆಯಿಂದ್ಲೇ ಬಾ ಅಂದವ್ರೆ."

"ಧನ, ಅಲ್ಲೂ ಅದೇ ಅಲ್ವೇನೇ? ಇಲ್ಲಿಗಿಂತ ಜಾಸ್ತಿ. ಡಾಕ್ಟ್ರು ಏನಂದ್ರು ನಿಂಗೆ?"

"ಚೀಟಿ ಐತೆ. ರಜ ಕೊಟ್ರೆ ಹೋಗ್ತೀನಿ ಆಸ್ಪತ್ರೆಗೆ." ಅವನ ಮುಖದಲ್ಲಿ ಏನು ಕಂಡಳೋ, ಮಗುವಿಗೆ ಸಮಾಧಾನ ಹೇಳುವವಳ ಹಾಗೆ ಒಂದು ಹೆಜ್ಜೆ ಹತ್ತಿರ ಬಂದು ದನಿ ತಗ್ಗಿಸಿದಳು. "ನೀವೇನೂ ಹೆದರ್ಕೋಬೇಡಿ. ವಿಚಾರಿಸಿದೀನಿ. ಅಲ್ಲಿ ರಕ್ತ ತೆಗೆಯಲ್ವಂತೆ."

ಹೋಗಬೇಡ ಅನ್ನಬೇಕಿತ್ತು. ಹೋಗಬೇಡ ಅಂದ ಮೇಲೆ ಎಲ್ಲಿಗೆ ಹೋಗು ಅನ್ನಬೇಕು ಅನ್ನುವುದು ಅವನಿಗೆ ತಿಳಿಯಲಿಲ್ಲ. ಅವಳು ರಿಜಿಸ್ಟರನ್ನು ಅವನ ಕಡೆಗೆ ಸರಿಸಿ, ಬಲಗೈ ಆಗಲ್ಲ, ನೀವೇ ಬರ್ಕೊಳ್ಳಿ ಅಂದಳು. ಅವನು ಬರೆಯುತ್ತಿರುವಾಗ ಅವಳು ಆಗಲೇ ರಸ್ತೆ ದಾಟುತ್ತಿದ್ದಳು, ಎರಡು ಲಾರಿಗಳ ನಡುವೆ, ಡಬ್ಬಿಯ ಚೀಲ ಎಡಭುಜಕ್ಕೆ ಹಾಕಿಕೊಂಡು. ಲಾರಿ ಸರಿದಾಗ ಆಚೆ ಕಡೆ ಯಾರೂ ಇರಲಿಲ್ಲ. ಸೊನ್ನೆ ನೂರ ಹನ್ನೆರಡು, ಕೆಲಸ ಬಿಟ್ಟದ್ದು ಗುರುವಾರ ಅಂತ ಅವನು ರಿಜಿಸ್ಟರಿನಲ್ಲಿ ಬರೆದಿದ್ದ.